ಅಕ್ಕನಿಗೆ ಬೇಡವೆಂದ ಹಾರ್ಮೋನು ತಂಗಿಗೆ ಯಾಕೆ ಬೇಕು?

ಪ್ರಶ್ನೆ: ನನಗೆ 46 ವರ್ಷ. ಮೂರು ವರ್ಷಗಳ ಹಿಂದೆ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ವರದಿಯಲ್ಲಿ ‘ಈಸ್ಟ್ರೋಜನ್ ರಿಸೆಪ್ಟರ್ ಪಾಸಿಟಿವ್’ ಎಂದಿತ್ತು. ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಎಲ್ಲ ಮುಗಿದ ಮೇಲೆ ಅಂಡಾಶಯಗಳನ್ನೂ ತೆಗೆದರು. ಈಗ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ದಿನಕ್ಕೆ ಹತ್ತು ಹನ್ನೆರಡು ಸಲ ಎದೆಯಿಂದ ಬಿಸಿ ಏರಿ ಮೈಯೆಲ್ಲ ಬೆವರುತ್ತದೆ. ರಾತ್ರಿ ಎದ್ದು ಬಟ್ಟೆ ಬದಲಿಸಬೇಕಾಗುತ್ತದೆ. ಯೋನಿ ಒಣಗಿ, ಗಂಡನ ಜೊತೆಗಿನ ದೈಹಿಕ ಸಂಬಂಧ ನೋವಿನ ಕಾರಣದಿಂದ ನಿಂತೇ ಹೋಗಿದೆ. ಹಾರ್ಮೋನು ಕೊಡಿ ಎಂದು ಕೇಳಿದರೆ ‘ನಿಮಗೆ ಆಗುವುದಿಲ್ಲ’ ಎಂದು ವೈದ್ಯರು ಒಂದೇ ಮಾತಿನಲ್ಲಿ ಮುಗಿಸಿದರು. ಆದರೆ 36 ವರ್ಷದ ನನ್ನ ತಂಗಿಗೆ ಎರಡು ವರ್ಷಗಳ ಹಿಂದೆ ಗರ್ಭಕಂಠದ ಸ್ಕ್ವಾಮಸ್ ಕ್ಯಾನ್ಸರ್‌ಗೆ ವಿಕಿರಣ ಕೊಟ್ಟ ಮೇಲೆ ಮುಟ್ಟು ನಿಂತಾಗ, ಅವಳ ವೈದ್ಯರು ಈಸ್ಟ್ರೋಜನ್ ಪ್ಯಾಚ್ ಮತ್ತು ಪ್ರೊಜೆಸ್ಟರಾನ್ ಮಾತ್ರೆಗಳನ್ನು ‘ಬಿಡಲೇಬಾರದು’ ಎಂದು ಹೇಳಿ ಕೊಟ್ಟರು. ನನ್ನ ಕಥೆ ನೋಡಿ ಹೆದರಿದ ಅವಳು ಮೊದಲು ಮಾತ್ರೆ ಬಿಟ್ಟಳು, ನಾಲ್ಕು ತಿಂಗಳ ಹಿಂದೆ ಪ್ಯಾಚನ್ನೂ ಬಿಟ್ಟಳು. ಇಬ್ಬರಿಗೂ ಬಂದದ್ದು ಕ್ಯಾನ್ಸರ್ ತಾನೇ? ಯಾವ ವೈದ್ಯರು ಸರಿ? ಅಮೆರಿಕದಲ್ಲಿ ಹಾರ್ಮೋನಿನ ಮೇಲಿದ್ದ ಎಚ್ಚರಿಕೆಯನ್ನೇ ತೆಗೆದುಹಾಕಿದ್ದಾರೆ ಎಂದು ಓದಿದೆ. ಗೆಳತಿಯೊಬ್ಬಳು ‘ಟಿಬೊಲೋನ್ ಹಾರ್ಮೋನ್ ಅಲ್ಲ, ಅದನ್ನು ತೆಗೆದುಕೊ’ ಎನ್ನುತ್ತಾಳೆ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಇಬ್ಬರು ವೈದ್ಯರೂ ಸರಿ. ಅವರು ಯಾಕೆ ಹಾಗೆ ಹೇಳಿದರು ಎಂಬುದನ್ನು ನಿಮ್ಮಿಬ್ಬರಿಗೂ ಯಾರೂ ಕೂರಿಸಿ ವಿವರಿಸಲಿಲ್ಲ ಅನ್ನುವುದು ಬೇರೆ ಮಾತು. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ‘ಆಗುವುದಿಲ್ಲ’ ಎನ್ನಲು ಎರಡು ಸೆಕೆಂಡು ಸಾಕು, ಕಾರಣ ಹೇಳಲು ಅರ್ಧ ಗಂಟೆ ಬೇಕು. ಆ ತಪ್ಪನ್ನು ನಾನೂ ಮಾಡಿದ್ದೇನೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ‘ಇಬ್ಬರಿಗೂ ಬಂದದ್ದು ಕ್ಯಾನ್ಸರ್ ತಾನೇ’ ಎಂಬ ಮಾತು. ಗೊಂದಲ ಹುಟ್ಟುವುದು ಅಲ್ಲಿಯೇ. ಹೆಸರು ಒಂದಾದರೂ ಇವು ಬೇರೆ ಬೇರೆ ಕಾಯಿಲೆಗಳು. ಹಾರ್ಮೋನಿನ ಮಟ್ಟಿಗಂತೂ ಕೇಳಬೇಕಾದ ಪ್ರಶ್ನೆ ಒಂದೇ: ಆ ಗಡ್ಡೆಗೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಆಹಾರವೋ, ಅಲ್ಲವೋ?

ನಿಮ್ಮ ಗಡ್ಡೆಗೆ ಅದು ಆಹಾರವಾಗಿತ್ತು. ವರದಿಯಲ್ಲಿದ್ದ ‘ರಿಸೆಪ್ಟರ್ ಪಾಸಿಟಿವ್’ ಎಂಬುದರ ಅರ್ಥ ಅದೇ. ರಿಸೆಪ್ಟರ್ ಎಂದರೆ ಜೀವಕೋಶದೊಳಗೆ ಈಸ್ಟ್ರೋಜನ್ ಬಂದು ಕೂರಲೆಂದು ಇರುವ ಕುರ್ಚಿ ಎಂದುಕೊಳ್ಳಿ. ಅದು ಬಂದು ಕುಳಿತೊಡನೆ ಕೋಶಕ್ಕೆ ‘ಬೆಳೆ, ಇಬ್ಬಾಗವಾಗು’ ಎಂಬ ಆಜ್ಞೆ ಹೋಗುತ್ತದೆ. ಈ ಬಗೆಯ ಸ್ತನ ಕ್ಯಾನ್ಸರ್‌ಗೆ ಎರಡು ರೀತಿಯ ಮದ್ದುಗಳಿವೆ. ಟಮಾಕ್ಸಿಫೆನ್ ತಾನೇ ಹೋಗಿ ಆ ಕುರ್ಚಿಯಲ್ಲಿ ಕೂರುತ್ತದೆ, ಈಸ್ಟ್ರೋಜನ್ ಬಂದರೂ ಜಾಗವಿರುವುದಿಲ್ಲ. ನೀವು ತೆಗೆದುಕೊಳ್ಳುತ್ತಿರುವ ಲೆಟ್ರೊಜೋಲ್ ಹಾಗಲ್ಲ. ಅಂಡಾಶಯ ಇಲ್ಲದಿದ್ದರೂ ಕೊಬ್ಬು, ಸ್ನಾಯು ಮುಂತಾದ ಕಡೆ ಅರೋಮಟೇಸ್ ಎಂಬ ಕಿಣ್ವ ಅಷ್ಟಿಷ್ಟು ಈಸ್ಟ್ರೋಜನ್ ತಯಾರಿಸುತ್ತಲೇ ಇರುತ್ತದೆ. ಲೆಟ್ರೊಜೋಲ್ ಆ ಕಿಣ್ವವನ್ನು ತಡೆದು ಈಸ್ಟ್ರೋಜನ್ನಿನ ಪೂರೈಕೆಯನ್ನೇ ನಿಲ್ಲಿಸುತ್ತದೆ. ಕುರ್ಚಿಗಳೆಲ್ಲ ಖಾಲಿ, ಆದರೆ ಬಂದು ಕೂರುವವರಿಲ್ಲ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಕೆಳಗೆ ಯೋನಿಯ ಕ್ರೀಮಿನ ಮಾತು ಬಂದಾಗ ಬೇಕಾಗುತ್ತದೆ.

ಹೀಗಿರುವಾಗ ಲೆಟ್ರೊಜೋಲ್ ಜೊತೆಗೇ ಈಸ್ಟ್ರೋಜನ್ ಮಾತ್ರೆಯನ್ನೋ ಪ್ಯಾಚನ್ನೋ ಕೊಡುವುದೆಂದರೆ ಒಂದು ಕೈಯಲ್ಲಿ ನಲ್ಲಿ ಮುಚ್ಚಿ ಇನ್ನೊಂದು ಕೈಯಲ್ಲಿ ಕೊಡಕ್ಕೆ ನೀರು ಸುರಿದಂತೆ. ಇದು ಬರೀ ತರ್ಕವಲ್ಲ. ಸ್ತನ ಕ್ಯಾನ್ಸರ್‌ನಿಂದ ಗುಣವಾದ ಮಹಿಳೆಯರಿಗೇ ಹಾರ್ಮೋನು ಕೊಟ್ಟು ನೋಡಿದ ಪ್ರಯೋಗಗಳಿವೆ. 1997ರಲ್ಲಿ ಸ್ವೀಡನ್‌ನ ಮುಂದಾಳತ್ವದಲ್ಲಿ ಆರಂಭವಾದ ‘ಹ್ಯಾಬಿಟ್ಸ್’ ಎಂಬ ಪ್ರಯೋಗವನ್ನು 2003ರ ಡಿಸೆಂಬರ್‌ನಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು, ಏಕೆಂದರೆ ಹಾರ್ಮೋನು ಪಡೆದವರಲ್ಲಿ ಕ್ಯಾನ್ಸರ್ ಎದ್ದು ಕಾಣುವಷ್ಟು ಹೆಚ್ಚು ಮರುಕಳಿಸುತ್ತಿತ್ತು. ಮುಂದೆ ಅದೇ ಮಹಿಳೆಯರನ್ನು ಹಿಂಬಾಲಿಸಿ ಲೆಕ್ಕ ಹಾಕಿದಾಗ, ಐದು ವರ್ಷಗಳಲ್ಲಿ ಸ್ತನ ಕ್ಯಾನ್ಸರ್ ಮತ್ತೆ ಕಾಣಿಸಿಕೊಂಡದ್ದು ಹಾರ್ಮೋನು ಪಡೆದವರಲ್ಲಿ ಸುಮಾರು ಶೇ. 22, ಪಡೆಯದವರಲ್ಲಿ ಶೇ. 8.

ಸ್ಟಾಕ್‌ಹೋಮ್‌ನಲ್ಲಿ ಅದೇ ಕಾಲಕ್ಕೆ ನಡೆದ, 378 ಮಹಿಳೆಯರಿದ್ದ ಇನ್ನೊಂದು ಪ್ರಯೋಗದಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಲೇಬೇಕು. ಹಾರ್ಮೋನು ಚಿಕಿತ್ಸೆಯ ಪರ ಮಾತಾಡುವವರು ಇದನ್ನೇ ಮುಂದಿಡುತ್ತಾರೆ. ಅಲ್ಲಿ ಪ್ರೊಜೆಸ್ಟೋಜನ್ (ಪ್ರೊಜೆಸ್ಟರಾನ್ ಗುಂಪಿನ ಹಾರ್ಮೋನು) ಪ್ರಮಾಣವನ್ನು ಆದಷ್ಟು ಕಡಿಮೆ ಇಟ್ಟಿದ್ದರು, ವ್ಯತ್ಯಾಸಕ್ಕೆ ಅದು ಒಂದು ಕಾರಣವಿರಬಹುದು. ಆದರೆ ಹತ್ತು ವರ್ಷಗಳ ನಂತರ ನೋಡಿದಾಗ ಅಲ್ಲಿಯೂ ಹಾರ್ಮೋನು ಪಡೆದವರಲ್ಲಿ ಇನ್ನೊಂದು ಸ್ತನಕ್ಕೆ ಕ್ಯಾನ್ಸರ್ ಬಂದದ್ದು ಹೆಚ್ಚು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ ಮೇಲೆ, ನಿಮ್ಮಂಥವರಿಗೆ ಮೈತುಂಬ ಹರಡುವ ಈಸ್ಟ್ರೋಜನ್ ಬರೆಯಲು ನನ್ನ ಕೈ ಏಳುವುದಿಲ್ಲ.

ಗೆಳತಿ ಹೇಳಿದ ಟಿಬೊಲೋನ್ ವಿಷಯದಲ್ಲಂತೂ ಅನುಮಾನಕ್ಕೆ ಎಡೆಯೇ ಇಲ್ಲ. ಅದು ಹಾರ್ಮೋನ್ ಅಲ್ಲ ಎನ್ನುವುದು ತಪ್ಪು. ದೇಹದೊಳಗೆ ಹೋದ ಮೇಲೆ ಒಡೆದು ಹಾರ್ಮೋನಿನಂತೆ ಕೆಲಸ ಮಾಡುವ ಸಂಶ್ಲೇಷಿತ ವಸ್ತು ಅದು. ಸ್ತನದ ಮೇಲೆ ಸೌಮ್ಯವಾಗಿರಬಹುದು ಎಂಬ ಆಸೆಯಿಂದಲೇ ‘ಲಿಬರೇಟ್’ ಪ್ರಯೋಗದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸ್ತನ ಕ್ಯಾನ್ಸರ್ ಗೆದ್ದ ಮಹಿಳೆಯರಲ್ಲಿ ಪರೀಕ್ಷಿಸಿದರು. ಸುಮಾರು ಮೂರು ವರ್ಷಗಳಲ್ಲಿ ಟಿಬೊಲೋನ್ ಪಡೆದವರಲ್ಲಿ ಶೇ. 15ರಷ್ಟು, ಪ್ಲಸೀಬೊ (ಮದ್ದಿಲ್ಲದ ಹುಸಿ ಮಾತ್ರೆ) ಪಡೆದವರಲ್ಲಿ ಶೇ. 11ರಷ್ಟು ಮಂದಿಗೆ ಕ್ಯಾನ್ಸರ್ ಮರುಕಳಿಸಿತು. ಅದನ್ನೂ ಅವಧಿಗೆ ಮೊದಲೇ ನಿಲ್ಲಿಸಿದರು. ಗೆಳತಿಯ ಕಾಳಜಿಗೆ ಕೃತಜ್ಞತೆ ಹೇಳಿ, ಮಾತ್ರೆ ಬೇಡವೆನ್ನಿ. ‘ನೈಸರ್ಗಿಕ’, ‘ದೇಹದ ಹಾರ್ಮೋನಿನಂತೆಯೇ ಇರುವ’ ಎಂಬ ಹೆಸರಿನಲ್ಲಿ ಮಾರುವ ಕ್ರೀಮುಗಳಿಗೂ ಇದೇ ಮಾತು. ಕುರ್ಚಿಯಲ್ಲಿ ಕೂರಲು ಬಂದವರು ಗಿಡದಿಂದ ಬಂದರೋ ಕಾರ್ಖಾನೆಯಿಂದ ಬಂದರೋ ಎಂದು ಜೀವಕೋಶ ವಿಚಾರಿಸುವುದಿಲ್ಲ.

ಇನ್ನು ಎಚ್ಚರಿಕೆಯನ್ನೇ ತೆಗೆದುಹಾಕಿದರು ಎಂಬ ಸುದ್ದಿ. ಅದು ಸುಳ್ಳಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ನವೆಂಬರ್‌ನಲ್ಲಿ, ಋತುಬಂಧದ ಹಾರ್ಮೋನು ಔಷಧಗಳ ಮೇಲೆ ದಪ್ಪ ಚೌಕಟ್ಟಿನೊಳಗೆ ಅಚ್ಚಾಗುತ್ತಿದ್ದ ಹಲವು ಎಚ್ಚರಿಕೆಗಳನ್ನು ತೆಗೆಯುವುದಾಗಿ ಪ್ರಕಟಿಸಿತು. ಆ ಎಚ್ಚರಿಕೆ ಬಂದದ್ದು 2002ರಲ್ಲಿ ಫಲಿತಾಂಶ ಹೊರಬಿದ್ದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಎಂಬ ದೊಡ್ಡ ಅಧ್ಯಯನದ ನಂತರ. ಅದರಲ್ಲಿದ್ದ ಮಹಿಳೆಯರ ಸರಾಸರಿ ವಯಸ್ಸು 63. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ (ಸಂಶ್ಲೇಷಿತ ಪ್ರೊಜೆಸ್ಟೋಜನ್) ಪಡೆದ 10,000 ಮಂದಿಯಲ್ಲಿ ವರ್ಷಕ್ಕೆ 38 ಜನರಿಗೆ ಸ್ತನ ಕ್ಯಾನ್ಸರ್ ಬಂದರೆ, ಪಡೆಯದವರಲ್ಲಿ 30 ಜನರಿಗೆ ಬಂದಿತ್ತು. ಅಂದರೆ ಹತ್ತು ಸಾವಿರಕ್ಕೆ ಎಂಟು ಹೆಚ್ಚು. ಗರ್ಭಕೋಶ ತೆಗೆಸಿಕೊಂಡು ಈಸ್ಟ್ರೋಜನ್ ಒಂದನ್ನೇ ಪಡೆದವರಲ್ಲಿ ಹೆಚ್ಚಳವೇ ಕಾಣಲಿಲ್ಲ. ಈ ಸೂಕ್ಷ್ಮಗಳೆಲ್ಲ ಮರೆಯಾಗಿ ‘ಹಾರ್ಮೋನ್ ಎಂದರೆ ಕ್ಯಾನ್ಸರ್’ ಎಂಬ ಗಾಬರಿ ಮಾತ್ರ ಇಪ್ಪತ್ತು ವರ್ಷ ಉಳಿದುಕೊಂಡಿತು, ಅದರಿಂದ ಎಷ್ಟೋ ಆರೋಗ್ಯವಂತ ಮಹಿಳೆಯರು ಅನಗತ್ಯವಾಗಿ ನರಳಿದರು. ಅದನ್ನು ಸರಿಪಡಿಸುವ ಪ್ರಯತ್ನ ಈಗಿನದು. ಆದರೆ ಅದು ಕ್ಯಾನ್ಸರ್ ಬಾರದವರ ಕುರಿತಾದ ಮಾತು. ನಿಮಗೆ ಸಂಬಂಧಿಸಿದ್ದು ಆ ಅಧ್ಯಯನವಲ್ಲ, ಮೇಲೆ ಹೇಳಿದ ಹ್ಯಾಬಿಟ್ಸ್ ಮತ್ತು ಲಿಬರೇಟ್.

‘ಹಾಗಾದರೆ ಸಹಿಸಿಕೊಂಡೇ ಇರಬೇಕೇ?’ ಖಂಡಿತ ಇಲ್ಲ. ‘ಜೀವ ಉಳಿದಿದೆಯಲ್ಲ, ಇದೇನು ದೊಡ್ಡದು’ ಎಂದು ಯಾರಾದರೂ ಅಂದಿದ್ದರೆ ಆ ಮಾತನ್ನು ತಲೆಗೆ ಹಚ್ಚಿಕೊಳ್ಳಬೇಡಿ. ನಿದ್ದೆಯಿಲ್ಲದ ರಾತ್ರಿಗಳು ಸಣ್ಣ ಸಂಗತಿಯಲ್ಲ.

ಬಿಸಿ ಏರುವುದು ಯಾಕೆ ಎಂದು ತಿಳಿದರೆ ಹಾರ್ಮೋನಿಲ್ಲದ ಮದ್ದು ಹೇಗೆ ಕೆಲಸ ಮಾಡುತ್ತದೆ ಎಂಬುದೂ ತಿಳಿಯುತ್ತದೆ. ಮೆದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ ಮೈಯ ಉಷ್ಣತೆಯನ್ನು ಕಾಯುವ ವ್ಯವಸ್ಥೆಯಿದೆ. ಅಲ್ಲಿನ ಕೆಲವು ನರಕೋಶಗಳನ್ನು ಈಸ್ಟ್ರೋಜನ್ ಹದ್ದುಬಸ್ತಿನಲ್ಲಿಡುತ್ತದೆ. ಅದು ಇಲ್ಲವಾದಾಗ ಆ ಕೋಶಗಳು ಕೆರಳಿ, ಮೈ ಸ್ವಲ್ಪ ಬೆಚ್ಚಗಾದರೂ ಬೆಂಕಿ ಬಿದ್ದಂತೆ ಗಂಟೆ ಬಾರಿಸುತ್ತವೆ. ಚರ್ಮದ ರಕ್ತನಾಳಗಳು ಅಗಲವಾಗುತ್ತವೆ, ಬೆವರು ಕಿತ್ತುಬರುತ್ತದೆ, ಆಮೇಲೆ ಚಳಿ. ಆ ನರಕೋಶಗಳನ್ನು ಈಸ್ಟ್ರೋಜನ್ ಇಲ್ಲದೆಯೂ ಸುಮ್ಮನಾಗಿಸಬಹುದು.

ನಿಮ್ಮ ತೊಂದರೆ ರಾತ್ರಿ ಹೆಚ್ಚಾಗಿರುವುದರಿಂದ ನಾನಾದರೆ ಮೊದಲು ಗ್ಯಾಬಾಪೆಂಟಿನ್‌ನಿಂದ ಶುರುಮಾಡುತ್ತೇನೆ. ಮಲಗುವ ಮುನ್ನ 300 ಮಿಲಿಗ್ರಾಂ, ಅಗತ್ಯ ಕಂಡರೆ ನಿಧಾನವಾಗಿ ಏರಿಕೆ. ದಿನಕ್ಕೆ 900 ಮಿಲಿಗ್ರಾಂ ಪಡೆದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಈ ಬಿಸಿಯ ಅಲೆಗಳು ಸುಮಾರು ಅರ್ಧಕ್ಕೆ ಇಳಿದದ್ದು ದಾಖಲಾಗಿದೆ. ಅದರ ಅಡ್ಡಪರಿಣಾಮವಾದ ತೂಕಡಿಕೆ ನಿಮಗೆ ವರವಾಗಲೂಬಹುದು. ಆದರೆ ಬೆಳಿಗ್ಗೆ ತಲೆ ಸುತ್ತಿದರೆ ವಾಹನ ಓಡಿಸಬೇಡಿ. ವೆನ್ಲಾಫ್ಯಾಕ್ಸಿನ್ ಇನ್ನೊಂದು ಮದ್ದು. ಖಿನ್ನತೆಗೆ ಕೊಡುವ ಔಷಧವಾದರೂ ಇಲ್ಲಿ ಕಡಿಮೆ ಪ್ರಮಾಣ ಸಾಕು, ಗುಣವೂ ಬೇಗ ಕಾಣುತ್ತದೆ. ಆರಂಭದಲ್ಲಿ ವಾಕರಿಕೆ ಬರಬಹುದು, ರಕ್ತದೊತ್ತಡ ನೋಡುತ್ತಿರಬೇಕು, ಬಿಡುವಾಗ ಒಮ್ಮೆಲೇ ಬಿಡದೆ ಹಂತಹಂತವಾಗಿ ಇಳಿಸಬೇಕು. ಆಕ್ಸಿಬ್ಯುಟಿನಿನ್ ಕೂಡ ಕೆಲಸ ಮಾಡುತ್ತದೆ, ಆದರೆ ಬಾಯಿ ಒಣಗಿಸುತ್ತದೆ. ಈಗಾಗಲೇ ಮೈಯೆಲ್ಲ ಒಣಗಿದೆ ಎನ್ನುವವರಿಗೆ ಅದನ್ನು ಬರೆಯಲು ನಾನು ಹಿಂದೆಮುಂದೆ ನೋಡುತ್ತೇನೆ.

ಒಂದು ಎಚ್ಚರಿಕೆ. ಮುಂದೆ ಯಾವಾಗಲಾದರೂ ನಿಮ್ಮನ್ನು ಟಮಾಕ್ಸಿಫೆನ್‌ಗೆ ಬದಲಾಯಿಸಿದರೆ ಪ್ಯಾರಾಕ್ಸೆಟಿನ್, ಫ್ಲುಆಕ್ಸೆಟಿನ್ ಎಂಬ ಮಾತ್ರೆಗಳನ್ನು ತೆಗೆದುಕೊಳ್ಳಬಾರದು. ಟಮಾಕ್ಸಿಫೆನ್ ನಿಜವಾಗಿ ಕೆಲಸ ಮಾಡುವುದು ಪಿತ್ತಜನಕಾಂಗದಲ್ಲಿ ಒಂದು ಕಿಣ್ವ ಅದನ್ನು ಬದಲಾಯಿಸಿದ ಮೇಲೆ. ಈ ಎರಡು ಮಾತ್ರೆಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಬಿಸಿ ಏರುವುದಕ್ಕೆ ಪ್ಯಾರಾಕ್ಸೆಟಿನ್ ಒಳ್ಳೆಯ ಮದ್ದೆಂದು ಓದಿ ತಾವೇ ತರಿಸಿಕೊಂಡವರನ್ನು ನಾನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಹೊಸ ಮದ್ದುಗಳು ಆ ಕೆರಳಿದ ನರಕೋಶಗಳಿಗೇ ನೇರವಾಗಿ ಗುರಿಯಿಡುತ್ತವೆ. ಫೆಜೊಲಿನೆಟಂಟ್‌ಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕಿತು. ಆದರೆ ಅಪರೂಪಕ್ಕೆ ಪಿತ್ತಜನಕಾಂಗಕ್ಕೆ ತೀವ್ರ ಹಾನಿ ಮಾಡುತ್ತದೆಂದು 2024ರ ಕೊನೆಗೆ ಅದರ ಮೇಲೆ ದಪ್ಪ ಚೌಕಟ್ಟಿನ ಎಚ್ಚರಿಕೆ ಬಂತು, ರಕ್ತಪರೀಕ್ಷೆ ಮಾಡಿಸುತ್ತಲೇ ಕೊಡಬೇಕು. ಅದೇ ಗುಂಪಿನ ಎಲಿಂಜನೆಟಂಟ್ ಅನ್ನು ಸ್ತನ ಕ್ಯಾನ್ಸರ್‌ಗಾಗಿ ಹಾರ್ಮೋನು ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲೇ ಪರೀಕ್ಷಿಸಿ, 2025ರಲ್ಲಿ ಒಳ್ಳೆಯ ಫಲಿತಾಂಶ ಪ್ರಕಟಿಸಿದ್ದಾರೆ. ನಿಮಗೆ ಸಿಗುವಂತಿದ್ದರೆ ಕ್ಯಾನ್ಸರ್ ವೈದ್ಯರನ್ನು ಕೇಳಿ. ಮಾತ್ರೆಗಳೇ ಬೇಡವೆನ್ನುವವರಿಗೆ ಅರಿವಿನ ವರ್ತನಾ ಚಿಕಿತ್ಸೆ ಎಂಬ ಮಾತಿನ ಚಿಕಿತ್ಸೆಯಿದೆ. ಅಲೆಗಳ ಸಂಖ್ಯೆ ಅಷ್ಟಾಗಿ ಇಳಿಯದಿದ್ದರೂ ಅವು ಕೊಡುವ ಕಾಟ ಮತ್ತು ನಿದ್ದೆಗೇಡು ನಿಜಕ್ಕೂ ಕಡಿಮೆಯಾಗುತ್ತದೆ. ಮೊದಲು ಕೇಳಿದಾಗ ನಾನೂ ಮೂಗು ಮುರಿದಿದ್ದೆ.

ಯೋನಿಯ ಒಣಗುವಿಕೆಗೆ ಬರೋಣ. ಇದನ್ನು ನೀವು ಬರೆದದ್ದೇ ದೊಡ್ಡದು, ನನ್ನೆದುರು ಕುಳಿತವರಲ್ಲಿ ಹೆಚ್ಚಿನವರು ಎದ್ದು ಬಾಗಿಲ ಬಳಿ ಹೋದ ಮೇಲೆ ತಿರುಗಿ ಕೇಳುತ್ತಾರೆ. ಮೊದಲ ಹೆಜ್ಜೆ ಹಾರ್ಮೋನಿಲ್ಲದ ತೇವಕಾರಕ ಜೆಲ್. ಇದನ್ನು ಸಂಭೋಗದ ಹೊತ್ತಿಗೆ ಮಾತ್ರವಲ್ಲ, ಮುಖಕ್ಕೆ ಕ್ರೀಮು ಹಚ್ಚುವಂತೆ ವಾರಕ್ಕೆ ಮೂರರಿಂದ ಐದು ಸಲ ತಪ್ಪದೆ ಬಳಸಬೇಕು. ಹಯಲುರೋನಿಕ್ ಆಮ್ಲ ಇರುವುದು ಒಳ್ಳೆಯದು. ಸಂಭೋಗಕ್ಕೆ ಬೇರೆಯೇ ಜಾರಕ ದ್ರವ ಬೇಕು, ಸಿಲಿಕೋನ್ ಆಧಾರಿತದ್ದು ಹೆಚ್ಚು ಹೊತ್ತು ನಿಲ್ಲುತ್ತದೆ. ನೋವು ಯೋನಿಯ ಬಾಯಲ್ಲೇ ಇದ್ದರೆ ಶೇ. 4ರ ಲಿಡೊಕೇನ್ ದ್ರವವನ್ನು ಹತ್ತಿಯಲ್ಲಿ ಅದ್ದಿ ಮೂರು ನಿಮಿಷ ಅಲ್ಲಿ ಇಟ್ಟುಕೊಳ್ಳುವ ಉಪಾಯವಿದೆ. ಸ್ತನ ಕ್ಯಾನ್ಸರ್ ಗೆದ್ದವರಲ್ಲೇ ಪರೀಕ್ಷಿಸಿದ ಸುಲಭದ ವಿಧಾನ ಅದು, ಯಾಕೋ ಹೆಚ್ಚು ಜನರಿಗೆ ಗೊತ್ತಿಲ್ಲ. ಲೇಸರ್‌ಗೆ ಹಣ ಸುರಿಯಬೇಡಿ. ಹುಸಿ ಲೇಸರ್ ಜೊತೆ ಹೋಲಿಸಿ ನೋಡಿದ ಒಳ್ಳೆಯ ಪ್ರಯೋಗವೊಂದರಲ್ಲಿ ಅದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಇವು ಸಾಲದಿದ್ದಾಗ ಯೋನಿಯೊಳಗೆ ಹಾಕುವ ಅತಿ ಕಡಿಮೆ ಪ್ರಮಾಣದ ಈಸ್ಟ್ರೋಜನ್ನಿನ ಪ್ರಶ್ನೆ ಬರುತ್ತದೆ. ಇಲ್ಲಿ ಆ ಕುರ್ಚಿಗಳನ್ನು ನೆನಪಿಸಿಕೊಳ್ಳಿ. ಇದರಿಂದ ರಕ್ತಕ್ಕೆ ಸೇರುವುದು ತೀರಾ ಅಲ್ಪ. ಟಮಾಕ್ಸಿಫೆನ್ ತೆಗೆದುಕೊಳ್ಳುವವರಲ್ಲಿ ಕುರ್ಚಿಗಳು ಭರ್ತಿಯಾಗಿರುವುದರಿಂದ ಆ ಅಲ್ಪಕ್ಕೆ ಹೆಚ್ಚು ಬೆಲೆಯಿಲ್ಲ. ಲೆಟ್ರೊಜೋಲ್ ತೆಗೆದುಕೊಳ್ಳುವವರಲ್ಲಿ ಕುರ್ಚಿಗಳು ಖಾಲಿ, ಆದ್ದರಿಂದ ಅಲ್ಪವೂ ಲೆಕ್ಕಕ್ಕೆ ಬರುತ್ತದೆ. 2022ರಲ್ಲಿ ಪ್ರಕಟವಾದ, ಎಂಟು ಸಾವಿರಕ್ಕೂ ಹೆಚ್ಚು ಮಹಿಳೆಯರ ಡೆನ್ಮಾರ್ಕಿನ ಅಧ್ಯಯನದಲ್ಲೂ ಹೀಗೆಯೇ ಕಂಡಿತು: ಒಟ್ಟಾರೆಯಾಗಿ ಮರುಕಳಿಕೆ ಹೆಚ್ಚಲಿಲ್ಲ, ಆದರೆ ಲೆಟ್ರೊಜೋಲ್ ಗುಂಪಿನ ಮಾತ್ರೆಯ ಜೊತೆಗೆ ಯೋನಿಯ ಈಸ್ಟ್ರೋಜನ್ ಬಳಸಿದವರಲ್ಲಿ ಸುಮಾರು ಶೇ. 40ರಷ್ಟು ಹೆಚ್ಚು ಕಂಡಿತು. ಸಾವಿನ ಪ್ರಮಾಣ ಮಾತ್ರ ಅವರಲ್ಲೂ ಏರಲಿಲ್ಲ. ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿಲ್ಲ. ಬೇರೇನೂ ಫಲಿಸದಿದ್ದರೆ ಲೆಟ್ರೊಜೋಲ್ ಬದಲು ಟಮಾಕ್ಸಿಫೆನ್‌ಗೆ ಹೋಗಿ ಆಮೇಲೆ ಯೋನಿಯ ಈಸ್ಟ್ರೋಜನ್ ಬಳಸಬಹುದೇ ಎಂದು ಕ್ಯಾನ್ಸರ್ ವೈದ್ಯರ ಜೊತೆ ಮಾತಾಡಿ. ನಿಮ್ಮ ಗಡ್ಡೆಯ ಗಾತ್ರ, ಕಂಕುಳಿನ ಗಂಟುಗಳ ಸ್ಥಿತಿ ನೋಡಿ ಹೇಳಬೇಕಾದವರು ಅವರು.

ಬೇಸತ್ತು ಲೆಟ್ರೊಜೋಲನ್ನು ಯಾರಿಗೂ ಹೇಳದೆ ಬಿಟ್ಟುಬಿಡುವವರು ಬಹಳ ಮಂದಿ. ನಿಮಗೂ ಆ ಯೋಚನೆ ಬಂದಿದ್ದರೆ ಆಶ್ಚರ್ಯವಿಲ್ಲ. ಹಾಗೆ ಮಾಡುವ ಮೊದಲು ದಯವಿಟ್ಟು ವೈದ್ಯರಿಗೆ ಹೇಳಿ. ಬದಲಿ ಮಾತ್ರೆಗಳಿವೆ. ಅಂಡಾಶಯವೂ ಇಲ್ಲ, ಲೆಟ್ರೊಜೋಲ್ ಬೇರೆ ಇದೆಯಾದ್ದರಿಂದ ಮೂಳೆ ಬೇಗ ಸವೆಯುತ್ತದೆ. ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಆಗಿಲ್ಲದಿದ್ದರೆ ಮಾಡಿಸಿ.

ಈಗ ನಿಮ್ಮ ತಂಗಿ. ಅವರ ಕಥೆ ಬುಡದಿಂದಲೇ ಬೇರೆ. ಗರ್ಭಕಂಠದ ಸ್ಕ್ವಾಮಸ್ (ಮೇಲ್ಪದರದ ಚಪ್ಪಟೆ ಕೋಶಗಳ) ಕ್ಯಾನ್ಸರ್ ಹುಟ್ಟುವುದು ಎಚ್‌ಪಿವಿ ಎಂಬ ವೈರಸ್‌ನಿಂದ, ಅದು ಈಸ್ಟ್ರೋಜನ್ ತಿಂದು ಬೆಳೆಯುವ ಗಡ್ಡೆಯಲ್ಲ. ಚಿಕಿತ್ಸೆಯ ನಂತರ ಹಾರ್ಮೋನು ಪಡೆದವರಲ್ಲಿ ಅದು ಹೆಚ್ಚು ಮರುಕಳಿಸುತ್ತದೆ ಎನ್ನಲು ಆಧಾರವಿಲ್ಲ. ಮೇಲಾಗಿ ಅವರು ತೆಗೆದುಕೊಳ್ಳುತ್ತಿದ್ದದ್ದು ಹೆಚ್ಚುವರಿ ಹಾರ್ಮೋನೂ ಅಲ್ಲ. 36ರ ಹೆಣ್ಣಿನ ದೇಹದಲ್ಲಿ ಸಹಜವಾಗಿ ಇರಬೇಕಾಗಿದ್ದನ್ನು ವಿಕಿರಣ ಕಿತ್ತುಕೊಂಡಿತು, ಪ್ಯಾಚ್ ಅದನ್ನು ಹಿಂದಕ್ಕೆ ಕೊಡುತ್ತಿತ್ತು. 63ರ ಮಹಿಳೆಯರ ಅಧ್ಯಯನದಿಂದ ಬಂದ ಭಯವನ್ನು ಅವರ ಮೇಲೆ ಹೊರಿಸುವುದು ತಪ್ಪು.

ಕೊಡದಿದ್ದರೆ ಏನಾಗುತ್ತದೆ ಎಂಬುದರ ಬಗ್ಗೆ ಜನ ಯೋಚಿಸುವುದೇ ಇಲ್ಲ. ನಲವತ್ತಕ್ಕೆ ಮೊದಲೇ ಅಂಡಾಶಯ ನಿಂತು ಹಾರ್ಮೋನೂ ಪಡೆಯದಿದ್ದರೆ ಮೂಳೆ ಟೊಳ್ಳಾಗುತ್ತದೆ, ಹೃದಯದ ಕಾಯಿಲೆಯ ಸಾಧ್ಯತೆ ಏರುತ್ತದೆ. ಅದಕ್ಕೇ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ, ಅಂದರೆ ಸುಮಾರು 51ರವರೆಗೆ, ಅದನ್ನು ಮುಂದುವರಿಸುವುದು ರೂಢಿ. ಪ್ಯಾಚ್ ಆರಿಸಿದ್ದೂ ಸರಿಯೇ. ಚರ್ಮದ ಮೂಲಕ ಹೋಗುವ ಈಸ್ಟ್ರೋಜನ್ ಮಾತ್ರೆಯಂತೆ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುವುದಿಲ್ಲ.

ಅವರು ಪ್ರೊಜೆಸ್ಟರಾನ್ ಮಾತ್ರೆ ಬಿಟ್ಟು ಪ್ಯಾಚ್ ಒಂದನ್ನೇ ಹಾಕಿಕೊಂಡಿದ್ದ ಆ ದಿನಗಳ ಬಗ್ಗೆ ಮಾತ್ರ ನನಗೆ ಸ್ವಲ್ಪ ಕಳವಳವಿದೆ. ವಿಕಿರಣ ಕೊಟ್ಟರೆ ಗರ್ಭಕೋಶದ ಒಳಪದರ ಪೂರ್ತಿ ಸತ್ತುಹೋಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗೆ ನಂಬುವಂತಿಲ್ಲ, ಅಲ್ಲಲ್ಲಿ ಉಳಿದಿರಬಹುದು. ಪ್ರೊಜೆಸ್ಟರಾನ್ ಇಲ್ಲದ ಈಸ್ಟ್ರೋಜನ್ ಆ ಪದರವನ್ನು ದಪ್ಪಗಾಗಿಸುತ್ತದೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಅಲ್ಲಿ ಕ್ಯಾನ್ಸರ್ ಹುಟ್ಟಲೂಬಹುದು. ವಿಕಿರಣದಿಂದ ಗರ್ಭಕಂಠದ ದಾರಿ ಕಿರಿದಾಗಿದ್ದರೆ, ಮುನ್ಸೂಚನೆಯಾಗಿ ಕಾಣಬೇಕಾದ ರಕ್ತಸ್ರಾವವೂ ಹೊರಗೆ ಬಾರದೆ ಒಳಗೇ ನಿಲ್ಲಬಹುದು. ಆದ್ದರಿಂದ ಗರ್ಭಕೋಶ ಇರುವಷ್ಟು ಕಾಲ ಎರಡೂ ಜೊತೆಯಾಗಿಯೇ ಇರಬೇಕು.

ಬೇರೆ ಕ್ಯಾನ್ಸರ್‌ಗಳಿಂದ ಗುಣವಾದವರೂ ಇದನ್ನು ಓದುತ್ತಿರಬಹುದು, ಅವರಿಗೆ ಚುಟುಕಾಗಿ. ಗರ್ಭಕಂಠದ್ದೇ ಆದರೂ ಗ್ರಂಥಿಕೋಶಗಳಲ್ಲಿ ಹುಟ್ಟುವ ಅಡಿನೊಕಾರ್ಸಿನೋಮ ಎಂಬ ಬಗೆಯಾಗಿದ್ದರೆ ಹೆಚ್ಚು ಜಾಗ್ರತೆ ಬೇಕು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಆರಂಭದ ಹಂತದಲ್ಲೇ ಪತ್ತೆಯಾಗಿ ಗರ್ಭಕೋಶ ತೆಗೆದವರಲ್ಲಿ, 1,236 ಮಹಿಳೆಯರ ಪ್ರಯೋಗವೊಂದರಲ್ಲಿ ಈಸ್ಟ್ರೋಜನ್ ಪಡೆದವರಿಗೂ ಪಡೆಯದವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ: ಮರುಕಳಿಕೆ ಶೇ. 2.3 ಮತ್ತು ಶೇ. 1.9. ಅಂಡಾಶಯದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವಕ್ಕೆ ಅಡ್ಡಿಯಿಲ್ಲ, ಆದರೆ ಗ್ರ್ಯಾನುಲೋಸ ಕೋಶದ ಗಡ್ಡೆ ಮತ್ತು ನಿಧಾನವಾಗಿ ಬೆಳೆಯುವ ಸೀರಸ್ ಬಗೆಯಾಗಿದ್ದರೆ ದೂರವಿರುವುದು ಮೇಲು. ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ರಕ್ತದ ಕ್ಯಾನ್ಸರ್‌ಗಳು ಸಾಮಾನ್ಯವಾಗಿ ಅಡ್ಡಿಯಲ್ಲ. ಚಿಕ್ಕ ವಯಸ್ಸಿನಲ್ಲಿ ಎದೆಗೆ ವಿಕಿರಣ ಪಡೆದವರು ಮಾತ್ರ ಸ್ತನದ ತಪಾಸಣೆಯನ್ನು ಬೇಗನೇ ಶುರುಮಾಡಬೇಕು.

ನಿಮ್ಮ ಸಂಗತಿ ಮುಂದಿನ ತಪಾಸಣೆಯವರೆಗೆ ಕಾಯಬಹುದು. ಅಷ್ಟರೊಳಗೆ ಎರಡು ವಾರ, ಬಿಸಿ ಏರಿದ ಹೊತ್ತನ್ನೂ ಎಚ್ಚರವಾದ ಹೊತ್ತನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ, ಮದ್ದು ಆರಿಸುವುದು ಸುಲಭವಾಗುತ್ತದೆ. ಆದರೆ ತಂಗಿಯದು ಕಾಯುವಂಥದ್ದಲ್ಲ. ನಾಲ್ಕು ತಿಂಗಳಿನಿಂದ ಅವರ ಮೂಳೆ ಬರಿಗೈಯಲ್ಲಿದೆ. ಈ ವಾರವೇ ಅವರ ವೈದ್ಯರಿಗೆ ಫೋನ್ ಮಾಡಿಸಿ, ಮಾತ್ರೆ ಮೊದಲು ಬಿಟ್ಟದ್ದನ್ನು ಮುಚ್ಚಿಡದೆ ಹೇಳಲಿ. ಪ್ಯಾಚ್ ಮತ್ತೆ ಹಚ್ಚುವ ಮುನ್ನ ಗರ್ಭಕೋಶದ ಒಳಪದರದ ಸ್ಕ್ಯಾನ್ ಬೇಕೇ ಎಂದು ವೈದ್ಯರು ನಿರ್ಧರಿಸುತ್ತಾರೆ.